ಕರ್ತೃ ಕಾಣದ ವಾಕ್ಯದಲ್ಲಿ ಬೆಳೆದ ಹುಡುಗ

ಪ್ರಶ್ನೆಪತ್ರಿಕೆಯಲ್ಲಿ ಕತೆಗೆ ಒಂದು ಜಾಗ, ವ್ಯಾಕರಣಕ್ಕೆ ಬೇರೆ ಜಾಗ. ಸಾರಾಂಶ, ಪಾತ್ರದ ಗುಣ, ಸಂದರ್ಭಸಹಿತ ವಿವರಣೆ ಎಲ್ಲ ಮುಗಿದ ಮೇಲೆ ಸಂಧಿ, ಸಮಾಸ, ಅಲಂಕಾರಗಳ ಸರದಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನನ್ನು ಈ ಗೋಡೆ ಬಹಳ ದಿನದಿಂದ ಕಾಡುತ್ತಿದೆ. ಕತೆ ಕೇಳುವಾಗ ಕಣ್ಣರಳಿಸಿ ಕೂತ ಮಗು, ‘ಈ ವಾಕ್ಯದಲ್ಲಿರುವ ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ’ ಎಂದ ಕೂಡಲೇ ಬಾಯಿಪಾಠಕ್ಕೆ ಇಳಿಯುತ್ತದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ಸಾಲು ಬರೆದು ಅಂಕ ಪಡೆಯುತ್ತದೆ. ತನ್ನ ಕಣ್ಣರಳಿಸಿದ್ದು ಆ ವಾಕ್ಯವೇ ಎಂಬುದನ್ನು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಈ ಬೇಸಿಗೆಯಲ್ಲಿ ಅಕ್ಕನ ಮಗಳು ಓದಿಕೊಳ್ಳಲು ನಮ್ಮ ಮನೆಗೆ ಬಂದಿದ್ದಳು. ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ಆರಿಸಿಕೊಂಡ ಹುಡುಗಿ. ಪರೀಕ್ಷೆಗೆ ಓದಬೇಕಿದ್ದ ಕಾದಂಬರಿ ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಅದರ ಜೊತೆಗೇ ಸರ್ಕಾರಿ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಎಫ್‌ಡಿಎ ಪರೀಕ್ಷೆಯ ತಯಾರಿಯೂ ನಡೆದಿತ್ತು. ಅದರ ಸಾಮಾನ್ಯ ಕನ್ನಡ ಪತ್ರಿಕೆಗೆ ವ್ಯಾಕರಣ ಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಹಗಲು ತಲೆ ಓಡುವುದಿಲ್ಲ. ಹೊತ್ತು ಮುಳುಗಿ, ಮಾಳಿಗೆಗೆ ನೀರು ಹೊಡೆದು, ಕಾವು ಇಳಿದ ಮೇಲೆ ಚಾಪೆ ಹಾಸಿ ಕೂಡುತ್ತಿದ್ದೆವು. ಊಟಕ್ಕೆ ಮೊದಲು ಕಾದಂಬರಿ, ಊಟದ ನಂತರ ವ್ಯಾಕರಣ ಎಂದು ಅವಳೇ ವೇಳಾಪಟ್ಟಿ ಹಾಕಿದ್ದಳು. ಅದು ಬಹಳ ದಿನ ನಡೆಯಲಿಲ್ಲ. ಊಟದ ನಂತರದ ಪುಸ್ತಕದಲ್ಲಿ ಬರುವ ಪಾರಿಭಾಷಿಕಗಳು ಊಟಕ್ಕೆ ಮುಂಚಿನ ಪುಸ್ತಕವನ್ನು ತೆರೆಯುತ್ತ ಹೋದವು. ಒಬ್ಬ ಹುಡುಗ ಬೆಳೆದು ಮನುಷ್ಯನಾಗುವ ಕತೆ ಅದು ಎಂದು ಎಲ್ಲರೂ ಹೇಳುತ್ತಾರೆ. ಆ ಬೆಳವಣಿಗೆ ಘಟನೆಗಳಿಗಿಂತ ಹೆಚ್ಚಾಗಿ ಕ್ರಿಯಾಪದಗಳಲ್ಲಿ ನಡೆಯುತ್ತದೆ ಎಂದು ನನಗೆ ಈ ಸಲ ಅನಿಸಿತು. ಅದನ್ನೇ ಬರೆಯಲು ಕೂತಿದ್ದೇನೆ.

ಕತೆ ಬಹಳ ಜನಕ್ಕೆ ಗೊತ್ತು. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ಡಿಕನ್ಸ್ ತನ್ನದೇ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದದ್ದು. ತಬ್ಬಲಿ ಪಿಪ್, ಅವನನ್ನು ಸಾಕುವ ಅಕ್ಕ, ಅವಳ ಗಂಡ ಕಮ್ಮಾರ ಜೋ. ಸ್ಮಶಾನದಲ್ಲಿ ಸಿಕ್ಕ ಕೈದಿ ಮ್ಯಾಗ್ವಿಚ್. ಮದುವೆ ಮುರಿದ ಗಳಿಗೆಯಲ್ಲೇ ಗಡಿಯಾರ ನಿಲ್ಲಿಸಿದ ಮಿಸ್ ಹ್ಯಾವಿಷಮ್, ಅವಳ ಸಾಕುಮಗಳು ಎಸ್ಟೆಲಾ. ಯಾರೋ ಕೊಟ್ಟ ದುಡ್ಡಿನಿಂದ ಪಿಪ್ ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗುತ್ತಾನೆ. ಇಷ್ಟು ಸಾಕು.

ಹೆದರಿದ ಮಗುವಿನ ಉತ್ಪ್ರೇಕ್ಷೆ

ಮೊದಲ ಅಧ್ಯಾಯದಲ್ಲಿ ಪಿಪ್ ತನ್ನ ತಂದೆತಾಯಿಯ ಗೋರಿಯ ಮುಂದೆ ನಿಂತಿದ್ದಾನೆ. ಅವರ ಮುಖ ಅವನು ಕಂಡಿಲ್ಲ. ಗೋರಿಕಲ್ಲಿನ ಅಕ್ಷರಗಳ ಆಕಾರ ನೋಡಿ ಅಪ್ಪ ಚೌಕ ಮೈಕಟ್ಟಿನ, ಕಪ್ಪು ಗುಂಗುರು ಕೂದಲಿನ ಆಳಿರಬೇಕು ಎಂದು ಲೆಕ್ಕ ಹಾಕುತ್ತಾನೆ. ಅಲ್ಲಿಗೆ ಬಂದ ಕೈದಿ ಇವನನ್ನು ಹೆದರಿಸಿ, ಅರ ಮತ್ತು ತಿನ್ನಲು ಏನಾದರೂ ತರಬೇಕೆಂದು ಅಪ್ಪಣೆ ಮಾಡಿ, ಕುಂಟುತ್ತ ಹೋಗುತ್ತಾನೆ. ಹೋಗುವಾಗ ಅವನ ನಡಿಗೆ ಹೇಗಿತ್ತು? ಗೋರಿಯೊಳಗಿನ ಹೆಣಗಳು ಮೆಲ್ಲಗೆ ಕೈ ಹೊರಚಾಚಿ ಅವನ ಕಾಲು ಹಿಡಿದು ಒಳಗೆಳೆಯಲು ನೋಡುತ್ತಿವೆ, ಅವನು ತಪ್ಪಿಸಿಕೊಳ್ಳುತ್ತಿದ್ದಾನೆ ಎಂಬಂತೆ ಇತ್ತು.

ಅಕ್ಕನ ಮಗಳು ಇಲ್ಲಿಗೆ ಬಂದು ನಿಂತಳು. “ಮಾಮಾ, ಇದು ಉಪಮಾ ಅಲ್ರಿ. ‘ಅಂತೆ’ ಅದ, ಖರೆ. ಆದ್ರ ಎರಡು ವಸ್ತು ಹೋಲಿಸಿಲ್ಲ.” ಅವಳ ಮಾತು ಸರಿ. ಒಂದನ್ನು ಇನ್ನೊಂದಕ್ಕೆ ಸಮ ಎಂದರೆ ಉಪಮೆ, ಒಂದನ್ನು ಇನ್ನೊಂದೇ ಇರಬೇಕೆಂದು ಸಂಭಾವಿಸಿದರೆ ಉತ್ಪ್ರೇಕ್ಷೆ. ಕೈದಿಯ ಕುಂಟು ನಡಿಗೆಗೆ ಇರುವ ಕಾರಣ ಕಾಲಬೇಡಿ. ಹುಡುಗ ಕಲ್ಪಿಸುವ ಕಾರಣ ಹೆಣಗಳ ಕೈ. ನಮ್ಮ ಅಲಂಕಾರಿಕರು ಇದನ್ನು ಹೇತೂತ್ಪ್ರೇಕ್ಷೆ ಎನ್ನುತ್ತಾರೆ. ಡಿಕನ್ಸ್ ಹೆಸರು ಹೇಳದೆ ಅದನ್ನೇ ಮಾಡಿದ್ದಾನೆ, ಅದೂ ಕಾದಂಬರಿಯುದ್ದಕ್ಕೂ. ಮರುದಿನ ಬೆಳಗಿನ ಜಾವ ಪಿಪ್ ಕದ್ದ ತಿನಿಸು ಹಿಡಿದು ಮಂಜಿನಲ್ಲಿ ಓಡುವಾಗ ಗೇಟುಗಳು, ಕಾಲುವೆಗಳು, ಒಡ್ಡುಗಳು ‘ಕಳ್ಳನನ್ನು ಹಿಡೀರಿ’ ಎಂದು ಕೂಗುತ್ತವೆ. ದನಗಳು ಮುಖವೆತ್ತಿ ‘ಏಯ್ ಪುಟ್ಟ ಕಳ್ಳ’ ಎನ್ನುತ್ತವೆ. ಎಷ್ಟು ಹೆದರಿದ್ದ ಎಂದು ಬರೆಯಲು ಬೇರೆ ದಾರಿಯೇ ಇರಲಿಲ್ಲ. ಇಲ್ಲಿ ಅಲಂಕಾರವೇ ಮಗುವಿನ ಮನಸ್ಸು. ಸಾರಾಂಶ ಬರೆಯುವಾಗ ನಾವು ಮೊದಲು ಕಿತ್ತು ಬಿಸಾಕುವುದು ಇದನ್ನೇ. ‘ಪಿಪ್ ಹೆದರಿ ಓಡಿದನು’ ಎಂದು ಬರೆದರೆ ಅಂಕ ಬರುತ್ತದೆ, ಪಿಪ್ ಉಳಿಯುವುದಿಲ್ಲ.

ಪುಸ್ತಕ ಮುಂದುವರಿದಂತೆ ಈ ‘ಎಂಬಂತೆ’ಗಳು ತೀರಾ ಕಡಿಮೆಯಾಗುವುದಿಲ್ಲ, ಆದರೆ ಅವುಗಳ ಕೆಲಸ ಬದಲಾಗುತ್ತದೆ. ಲಂಡನ್ನಿನಲ್ಲಿ ವಕೀಲ ಜ್ಯಾಗರ್ಸ್‌ನ ಗುಮಾಸ್ತ ವೆಮಿಕ್‌ನ ಮುಖವನ್ನು ಪಿಪ್ ಮೊಂಡು ಉಳಿಯಿಂದ ಅರ್ಧಂಬರ್ಧ ಕೆತ್ತಿದ ಮರದಂತೆ ಕಾಣುತ್ತಾನೆ. ಬಾಯಿ ಅಂಚೆಪೆಟ್ಟಿಗೆಯ ಸೀಳಿನಂತೆ. ಹೆದರಿದ್ದ ಹುಡುಗ ಈಗ ಜನರನ್ನು ಅಳೆಯಲು ಕಲಿತಿದ್ದಾನೆ. ಹೋಲಿಕೆ ಚುರುಕಾಗಿದೆ, ಅಂತಃಕರಣ ಸ್ವಲ್ಪ ಒಣಗಿದೆ.

ಇಸ್ಪೀಟಿನ ಗುಲಾಮ

ಎಂಟನೆಯ ಅಧ್ಯಾಯದಲ್ಲಿ ಮಿಸ್ ಹ್ಯಾವಿಷಮ್ ಪಿಪ್‌ನಿಗೆ ‘ಆಡು, ಆಡು, ಆಡು’ ಎನ್ನುತ್ತಾಳೆ. ಆಟವನ್ನೂ ವಿಧ್ಯರ್ಥದಲ್ಲಿ ಹೇಳುವ ಮನೆ ಅದು. ಮುಂದೆ ಇದೇ ಹೆಂಗಸು ‘ಅವಳನ್ನು ಪ್ರೀತಿಸು, ಪ್ರೀತಿಸು, ಪ್ರೀತಿಸು’ ಎಂದೂ ಅಪ್ಪಣೆ ಕೊಡುತ್ತಾಳೆ. ಪಿಪ್‌ನ ಬಾಲ್ಯದ ತುಂಬ ಇಂಥವೇ ಕ್ರಿಯಾಪದಗಳು: ಕೈದಿ ‘ತಾ’ ಎನ್ನುತ್ತಾನೆ, ಅಕ್ಕ ‘ಬಾಯಿ ಮುಚ್ಚು’ ಎನ್ನುತ್ತಾಳೆ, ದೊಡ್ಡವರೆಲ್ಲ ‘ಕೃತಜ್ಞನಾಗಿರು’ ಎನ್ನುತ್ತಾರೆ. ಒಬ್ಬ ಜೋ ಮಾತ್ರ ಅವನೊಂದಿಗೆ ಆಜ್ಞೆಯಿಲ್ಲದೆ ಮಾತಾಡುತ್ತಾನೆ. ಇದನ್ನು ವ್ಯಾಕರಣದ ಕಣ್ಣಿನಿಂದ ನೋಡುವವರೆಗೆ ಜೋನ ಒಳ್ಳೆಯತನ ಎಲ್ಲಿದೆ ಎಂದು ತೋರಿಸಲು ನನಗೆ ಆಗುತ್ತಿರಲಿಲ್ಲ.

ಆ ಮನೆಯಲ್ಲಿ ಎಸ್ಟೆಲಾ ಜೊತೆ ಇಸ್ಪೀಟು ಆಡುವಾಗ ಪಿಪ್ ಗುಲಾಮನ ಎಲೆಗೆ ತನ್ನ ಹಳ್ಳಿಯವರು ಕರೆಯುವ ಹೆಸರನ್ನು ಬಳಸುತ್ತಾನೆ. ದೊಡ್ಡ ಮನೆಯವರು ಬಳಸುವ ಹೆಸರು ಬೇರೆ. ಎಸ್ಟೆಲಾ ತಾತ್ಸಾರದಿಂದ ಅದನ್ನು ಎತ್ತಿ ಆಡುತ್ತಾಳೆ. ಆಮೇಲೆ ಅವನ ಒರಟು ಕೈ, ದಪ್ಪ ಬೂಟುಗಳ ಸರದಿ. ಅಲ್ಲಿಯವರೆಗೆ ತನ್ನ ಕೈಯನ್ನು ಪಿಪ್ ನೋಡಿಕೊಂಡಿರಲಿಲ್ಲ.

ಈ ಪುಟ ಓದಿದ ದಿನ ಅಕ್ಕನ ಮಗಳು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತಳು. ನಂತರ ಹೇಳಿದಳು. ಕಳೆದ ವರ್ಷ ಬೆಂಗಳೂರಿನ ಒಂದು ಕೋಚಿಂಗ್ ಕ್ಲಾಸಿಗೆ ರಜೆಯಲ್ಲಿ ಹೋಗಿದ್ದಾಗ, ಯಾವುದೋ ಲೆಕ್ಕ ತಿಳಿಯದೆ ಎದ್ದು ನಿಂತು “ಇದು ಹ್ಯಾಂಗ ಬಂತ್ರಿ ಸರ್, ನಾ ಮಾಡ್ಲಾಕತ್ತೀನಿ, ಬರವಲ್ದು” ಅಂದಳಂತೆ. ಹಿಂದಿನ ಬೆಂಚಿನಿಂದ ನಗು. ಕಲಿಸುವವರೂ ನಕ್ಕು, ‘ಸಿನಿಮಾ ಡೈಲಾಗ್ ಥರ ಇದೆ, ಇನ್ನೊಂದ್ಸಲ ಹೇಳಮ್ಮ’ ಅಂದರಂತೆ. ಅವತ್ತಿನಿಂದ ಅಲ್ಲಿ ಅವಳು ಪ್ರಶ್ನೆ ಕೇಳಲಿಲ್ಲ. “ಮಾಮಾ, ಒಂದು ಮಾತು ನೋಡ್ರಿ. ಪಿಪ್‌ಗ ಎಸ್ಟೆಲಾ ಮ್ಯಾಲ ಸಿಟ್ಟು ಬರಲ್ಲ. ಜೋ ಮ್ಯಾಲ ಬರ್ತದ. ಯಾಕ ಹಿಂಗ ಕಲಿಸಿದಿ ಅಂತ. ನನಗೂ ಅವತ್ತು ಅವ್ವನ ಮ್ಯಾಲೇ ಸಿಟ್ಟು ಬಂದಿತ್ತು.”

ವಿಮರ್ಶೆಯ ಪುಸ್ತಕಗಳಲ್ಲಿ ನಾನು ಹುಡುಕುತ್ತಿದ್ದ ಮಾತು ಇದೇ. ಅದೇ ಅಧ್ಯಾಯದಲ್ಲಿ ಪಿಪ್ ಆ ದೊಡ್ಡ ಮನೆಯ ಅಂಗಳದಲ್ಲಿ ಒಬ್ಬನೇ ನಿಂತು, ಜೋ ತನಗೆ ಆ ಎಲೆಯ ಹೆಸರನ್ನು ಹಾಗೇಕೆ ಕಲಿಸಿದ ಎಂದು ಕೇಳಬೇಕೆಂದುಕೊಳ್ಳುತ್ತಾನೆ. ಅವಮಾನ ಮಾಡಿದವರ ಕಡೆ ಹೋಗಬೇಕಾದ ಸಿಟ್ಟು ತಿರುಗಿ ಮನೆಯ ಕಡೆ, ತುತ್ತು ಕೊಟ್ಟ ಕೈಯ ಕಡೆ ಹೋಗುತ್ತದೆ. ಬಾಲ್ಯದಲ್ಲಿ ಬೂಟಿನ ಕಪ್ಪು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದದ್ದನ್ನು ಜೀವಮಾನವಿಡೀ ಜನರಿಂದ ಮುಚ್ಚಿಟ್ಟಿದ್ದ ಡಿಕನ್ಸ್‌ಗೆ ಈ ಸಿಟ್ಟಿನ ದಾರಿ ಚೆನ್ನಾಗಿ ಗೊತ್ತಿತ್ತು.

ಅವತ್ತು ರಾತ್ರಿ ನಾವು ವ್ಯಾಕರಣದ ಪುಸ್ತಕ ತೆರೆಯಲಿಲ್ಲ. ಅವಳ ವಾಕ್ಯವನ್ನೇ ಬಿಡಿಸಿದೆವು. ಮಾಡಲಿಕ್ಕೆ ಹತ್ತಿದ್ದೇನೆ ಎಂಬುದು ಕೂಡಿ ‘ಮಾಡ್ಲಾಕತ್ತೀನಿ’ ಆಗಿದೆ. ಮಾಡ್ಲಾಕತ್ತಾನ, ಮಾಡ್ಲಾಕತ್ತಾಳ, ಮಾಡ್ಲಾಕತ್ತಾರ: ಲಿಂಗ, ವಚನ, ಪುರುಷ ಯಾವುದೂ ತಪ್ಪುವುದಿಲ್ಲ. ನಡೆಯುತ್ತಿರುವ ಕೆಲಸವನ್ನು ಹೇಳಲು ಮೈಸೂರಿನವರು ‘ಇರು’ ಧಾತುವನ್ನು ಸಹಾಯಕ್ಕೆ ಕರೆದರೆ, ನಾವು ‘ಹತ್ತು’ ಧಾತುವನ್ನು ಕರೆಯುತ್ತೇವೆ. ಎರಡೂ ನಿಯಮಬದ್ಧ. ಇದನ್ನು ಬರೆದು ತೋರಿಸಿದಾಗ ಅವಳು ಇನ್ನಷ್ಟು ಕ್ರಿಯಾಪದ ಹಾಕಿ ತಾನೇ ಪಟ್ಟಿ ಮಾಡಿದಳು. ಗೀತಾ ನಾಗಭೂಷಣ ನಮ್ಮ ಕಡೆಯ ಈ ಮಾತನ್ನೇ ಹಿಡಿದು ‘ಬದುಕು’ ಬರೆದರು; 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಈ ಮಾತು ಹಾಸ್ಯಕ್ಕೆ ಮಾತ್ರ ಸೈ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

ಅದಕ್ಕಿಂತ ಹಳೆಯ ಉತ್ತರ ಸೇಡಂ ರಸ್ತೆಯಲ್ಲಿದೆ. ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಇಲ್ಲಿಂದ ಬಸ್ಸಿನಲ್ಲಿ ಗಂಟೆಯ ಹಾದಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದದ್ದು ಅಲ್ಲಿ. ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ದೋಷ ಯಾವುದು, ಗುಣ ಯಾವುದು, ಶಬ್ದಾಲಂಕಾರ, ಅರ್ಥಾಲಂಕಾರ ಎಂದು ಕವಿಗೆ ಪಾಠ ಹೇಳುವ ಆ ಪುಸ್ತಕ ವ್ಯಾಕರಣವನ್ನೂ ಅಲಂಕಾರವನ್ನೂ ಒಂದೇ ಉಸಿರಿನಲ್ಲಿ ಕಲಿಸುತ್ತದೆ. ಅದರ ಮೊದಲ ಪರಿಚ್ಛೇದದಲ್ಲೇ ಒಂದು ಪದ್ಯವಿದೆ: ದೇಸಿ ಬೇರೆ ಬೇರೆಯಾಗಿರುವುದರಿಂದ, ಕನ್ನಡಗಳಲ್ಲಿನ ದೋಷ ಇಷ್ಟೇ ಎಂದು ನಿರ್ಧರಿಸಲು ಸರ್ಪರಾಜ ವಾಸುಕಿಗೂ ಆಗದು, ಅವನೂ ಬೇಸತ್ತಾನು. ಕವಿ ‘ಕನ್ನಡಂಗಳೊಳ್’ ಎಂದು ಬಹುವಚನವನ್ನೇ ಬಳಸಿದ್ದಾನೆ. ಆಸ್ಥಾನದಲ್ಲಿ ಕೂತು ಶಿಷ್ಟ ಕನ್ನಡದ ನಿಯಮ ಬರೆಯುತ್ತಿದ್ದವನೇ ಇದನ್ನು ಬರೆದ.

ಡಿಕನ್ಸ್ ಕೂಡ ಒಂದು ಕಷ್ಟದ ಕೆಲಸ ಮಾಡಿದ್ದಾನೆ. ಕತೆ ಹೇಳುವ ಪಿಪ್ ನಡುವಯಸ್ಸಿನವನು. ಅವನ ಇಂಗ್ಲಿಷ್ ಚೊಕ್ಕ. ಕುಲುಮೆಯ ಮನೆಯ ಮಾತು ಅವನ ಬಾಯಿಂದ ಪೂರ್ತಿ ಹೋಗಿದೆ. ಆದರೆ ಜೋ ಮಾತಾಡಿದ ಕಡೆಯಲ್ಲೆಲ್ಲ ಆ ತೊದಲು, ಆ ಅರೆಬರೆ ಪದ, ಆ ತಲೆಕೆಳಗಾದ ವಾಕ್ಯ ಎಲ್ಲವನ್ನೂ ಹಾಗೆಯೇ ಇಡುತ್ತಾನೆ. ತಿದ್ದಿ ಬರೆಯಬಹುದಿತ್ತು. ಕೆಲವರು ಇದನ್ನು ಹಾಸ್ಯ ಎಂದು ಓದುತ್ತಾರೆ. ನನಗೆ ಅದು ಕಾದಂಬರಿಯ ಅತಿ ದೊಡ್ಡ ಪ್ರೀತಿ. ಇಷ್ಟು ವರ್ಷದ ಮೇಲೂ ಒಂದೊಂದು ಉಚ್ಚಾರವನ್ನು ನೆನಪಿಟ್ಟುಕೊಂಡಿದ್ದಾನೆ ಎಂದರೆ ಆ ಧ್ವನಿ ಅವನ ಕಿವಿಯಿಂದ ಹೋಗಿಲ್ಲ.

ಮಾಡಲಾಗಿದೆ

ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಿಸಿ ಎಂದಾಗ ಎಲ್ಲ ಮಕ್ಕಳೂ ರಾಮ ರಾವಣನನ್ನು ಕೊಂದದ್ದನ್ನೇ ತಿರುಗಿಸುತ್ತಾರೆ: ರಾವಣನು ರಾಮನಿಂದ ಕೊಲ್ಲಲ್ಪಟ್ಟನು. ಮನೆಯಲ್ಲಿ, ಬಜಾರಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಮಗೆ ಕರ್ತೃವನ್ನು ಮರೆಮಾಡುವ ವಾಕ್ಯ ಸಿಗುವುದು ಕಚೇರಿಯ ಕಾಗದದಲ್ಲಿ. ಮಂಜೂರು ಮಾಡಲಾಗಿದೆ. ತಿರಸ್ಕರಿಸಲಾಗಿದೆ. ಆಯ್ಕೆ ಮಾಡಲಾಗಿದೆ. ಯಾರು ಮಾಡಿದರು? ಕಾಗದ ಹೇಳುವುದಿಲ್ಲ.

ಹದಿನೆಂಟನೆಯ ಅಧ್ಯಾಯದಲ್ಲಿ ಜ್ಯಾಗರ್ಸ್ ಬಂದು ಪಿಪ್‌ನ ಭಾಗ್ಯವನ್ನು ಇದೇ ಭಾಷೆಯಲ್ಲಿ ಓದುತ್ತಾನೆ. ತನಗೆ ತಿಳಿಸಲು ಸೂಚಿಸಲಾಗಿದೆ. ಹುಡುಗನನ್ನು ಈಗಿನ ಬದುಕಿನಿಂದಲೂ ಈ ಜಾಗದಿಂದಲೂ ತಕ್ಷಣ ತೆಗೆಯಲಾಗುವುದು. ಜಂಟಲ್‌ಮನ್ ಆಗಿ ಬೆಳೆಸಲಾಗುವುದು. ಕೊಟ್ಟವರ ಹೆಸರು ಕೇಳುವಂತಿಲ್ಲ. ನಾನು ಈ ಭಾಗವನ್ನು ಹಿಂದೆ ಓದಿದ್ದೆ, ಆದರೆ ಪ್ರಯೋಗಗಳ ಪಾಠ ಪಕ್ಕದಲ್ಲೇ ತೆರೆದಿದ್ದರಿಂದ ಈ ಸಲ ಅದು ಬೇರೆಯಾಗಿ ಕಂಡಿತು. ಈ ಕಾದಂಬರಿಯ ಕುತೂಹಲವೆಲ್ಲ ಒಂದು ಕರ್ಮಣಿ ವಾಕ್ಯದಲ್ಲಿದೆ. ಕ್ರಿಯೆ ಗೊತ್ತು, ಕರ್ಮ ಪಿಪ್, ಕರ್ತೃವಿನ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ಪಿಪ್ ಮಿಸ್ ಹ್ಯಾವಿಷಮ್‌ಳನ್ನು ಕೂರಿಸುತ್ತಾನೆ, ಏಕೆಂದರೆ ಅವಳು ಕೊಟ್ಟಳೆಂದರೆ ಎಸ್ಟೆಲಾ ಕೂಡ ತನಗೇ ಸಿಗಬಹುದು. ಮುಂದಿನ ಇಪ್ಪತ್ತು ಅಧ್ಯಾಯ ಅವನು ಬದುಕುವುದು ಸಂಭಾವನಾರ್ಥದಲ್ಲಿ: ಬಂದೀತು, ಸಿಕ್ಕೀತು, ಆದೇನು. ದುಡಿಮೆಯಿಲ್ಲ, ಸಾಲವಿದೆ.

ಮೂವತ್ತೊಂಬತ್ತನೆಯ ಅಧ್ಯಾಯ. ರಾತ್ರಿ, ಮಳೆ, ಗಾಳಿ. ಮೆಟ್ಟಿಲು ಹತ್ತಿ ಒಬ್ಬ ಮುದುಕ ಬರುತ್ತಾನೆ. ಸ್ಮಶಾನದ ಕೈದಿ ಮ್ಯಾಗ್ವಿಚ್. ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾಗಿ, ಅಲ್ಲಿ ಕುರಿ ಕಾಯ್ದು, ದುಡಿದು, ಗಳಿಸಿದ್ದನ್ನೆಲ್ಲ ಈ ಹುಡುಗನಿಗೆ ಕಳಿಸಿದವನು. ಅವನ ಮಾತು ಏನು? ನಿನ್ನನ್ನು ಜಂಟಲ್‌ಮನ್ ಮಾಡಿದವನು ನಾನು, ಇದನ್ನು ಮಾಡಿದ್ದು ನಾನೇ. ಇಂಗ್ಲಿಷಿನಲ್ಲಿ ಆ ವಾಕ್ಯ ಒಬ್ಬ ಮೇಷ್ಟ್ರೂ ಒಪ್ಪದಷ್ಟು ಅಶುದ್ಧ. ಆದರೆ ಕರ್ತರಿ. ಅಷ್ಟು ಪುಟಗಳಿಂದ ಬಚ್ಚಿಟ್ಟಿದ್ದ ಕರ್ತೃ ಎದುರಿಗೆ ಬಂದು ನಿಂತು ‘ನಾನು’ ಎನ್ನುತ್ತಾನೆ. ನೀನು ಸುಖವಾಗಿರಲೆಂದು ನಾನು ಕಷ್ಟಪಟ್ಟೆ, ನೀನು ದುಡಿಯುವ ಪ್ರಸಂಗ ಬಾರದಿರಲೆಂದು ನಾನು ದುಡಿದೆ ಎನ್ನುತ್ತಾನೆ. ಪಿಪ್ ಹೇಸಿ ಹಿಂದೆ ಸರಿಯುತ್ತಾನೆ.

ನಮ್ಮ ಕಡೆಯ ಓದುಗ ಇಲ್ಲಿ ತಡೆಯಲಾರ. ಕಲಬುರಗಿ, ಯಾದಗಿರಿ ಹಳ್ಳಿಗಳಿಂದ ಬೇಸಿಗೆ ಬಂತೆಂದರೆ ಮುಂಬೈಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಟ್ಟಡದ ಮೇಲೆ ಬುಟ್ಟಿ ಹೊರುವವರ ಮಕ್ಕಳು ಇಲ್ಲಿ ಅಜ್ಜಿಯ ಜೊತೆ ಇದ್ದು ಶಾಲೆಗೆ ಬರುತ್ತಾರೆ. ಮುಂದೆ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಹಿಡಿದು ಸೀಟು ಪಡೆದಾಗ ಬರುವ ಕಾಗದದಲ್ಲಿ ‘ನಿಮ್ಮನ್ನು ಆಯ್ಕೆ ಮಾಡಲಾಗಿದೆ’ ಎಂದಿರುತ್ತದೆ. ಆ ವಾಕ್ಯದಲ್ಲೂ ಕರ್ತೃವಿಲ್ಲ. ಇದ್ದಾರೆ, ಬಹಳ ದೂರದಲ್ಲಿ, ಯಾವ ಸಹಿಯಲ್ಲೂ ಇಲ್ಲದೆ.

ಪಿಪ್ ಬೆಳೆದ ಎಂದು ನನಗೆ ಯಾವಾಗ ಅನಿಸಿತು ಎಂದರೆ, ಅವನು ತನ್ನ ಗೆಳೆಯ ಹರ್ಬರ್ಟ್‌ನಿಗೆ ಗೊತ್ತಾಗದ ಹಾಗೆ ಒಂದು ಕಂಪನಿಯಲ್ಲಿ ಪಾಲು ಕೊಡಿಸಿದಾಗ. ಹೆಸರು ಹೇಳದೆ ಕೊಟ್ಟ. ಈಗ ಮರೆಯಲ್ಲಿರುವ ಕರ್ತೃ ಅವನೇ. ಕೊನೆಗೆ ಎಲ್ಲ ಕಳೆದುಕೊಂಡು ಅದೇ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿ ದುಡಿಯುತ್ತಾನೆ. ಜೈಲಿನಲ್ಲಿ ಸಾಯುತ್ತಿರುವ ಮ್ಯಾಗ್ವಿಚ್‌ನ ಕೈ ಹಿಡಿದು ಕೂಡುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಈ ಸದ್ದಿಲ್ಲದ ಉಪಕಾರ ಅದಕ್ಕಿಂತ ಮೊದಲೇ ಶುರುವಾಗಿತ್ತು.

ಕಮ್ಮಾರರು

ಮೈಸೂರಿನಲ್ಲಿ ಎಂ.ಎ. ಓದುವಾಗ ನನ್ನ ಹಾಸ್ಟೆಲ್ ಕೋಣೆಯಲ್ಲಿ ಸುರಪುರದ ಕಡೆಯ ಒಬ್ಬ ಹುಡುಗನಿದ್ದ. ಯಾದಗಿರಿ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಇಬ್ಬರೂ ಗುಲಬರ್ಗಾದವರು ಎಂದೇ ಹೇಳಿಕೊಳ್ಳುತ್ತಿದ್ದೆವು. ಉಳಿದಿಬ್ಬರು ಮಂಡ್ಯ, ಹಾಸನದವರು. ಒಂದು ದಿನ ಬೆಳಿಗ್ಗೆ ಅವನ ಅಪ್ಪ ಬಂದ. ಪಟಗಾ, ಧೋತರ, ಕೈಯಲ್ಲಿ ಬಟ್ಟೆಯ ಗಂಟು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಮಂಚದ ಮೇಲೆ ಕೂಡಲು ಹೇಳಿದರೂ ಕೂಡಲಿಲ್ಲ, ಬಾಗಿಲ ಬಳಿ ನಿಂತೇ ಮಗನನ್ನು ನೋಡಿ, “ಆರಾಮ ಇದ್ದೀರಿ? ಊಟಾ ಬರೋಬ್ಬರಿ ಮಾಡ್ತೀರಿಲ್ರಿ?” ಅಂದ. ಸ್ವಂತ ಮಗನಿಗೆ ‘ರೀ’. ಮಂಡ್ಯದವನು ಅಚ್ಚರಿಯಿಂದ ನೋಡಿದ. ನನ್ನ ಗೆಳೆಯ ತಲೆ ತಗ್ಗಿಸಿ, ‘ಹೂಂ, ಮಾಡ್ತಾ ಇದ್ದೀನಿ’ ಎಂದು ಮೈಸೂರು ಕನ್ನಡದಲ್ಲಿ ಉತ್ತರಿಸಿದ. ಅಪ್ಪ ಗಂಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಮ್ಮೆ ಮೇಜಿನ ಮೇಲೆ, ಒಮ್ಮೆ ಕಿಟಕಿಯಲ್ಲಿ ಇಟ್ಟು, ಕೊನೆಗೆ ಕೈಯಲ್ಲೇ ಹಿಡಿದುಕೊಂಡ. ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ನಾವಿಬ್ಬರೇ ಹೋದೆವು. ಬಸ್ಸು ಬಂದಾಗ ಅಪ್ಪ ಮಗನ ಬೆನ್ನ ಮೇಲೆ ಕೈಯಿಟ್ಟು, “ತಮ್ಮಾ, ಭಾಳ ಸಣ್ಣಾಗೀದಿಯಲ್ಲೋ. ನಾ ಇನ್ನ ಇಲ್ಲಿಗಿ ಬರಲ್ಲ. ನೀನೇ ಊರಿಗಿ ಬಾ, ಅಲ್ಲಿ ಮಾತಾಡಮು” ಅಂದ.

ಪಿಪ್‌ನನ್ನು ನೋಡಲು ಜೋ ಲಂಡನ್ನಿಗೆ ಬರುವ ಇಪ್ಪತ್ತೇಳನೆಯ ಅಧ್ಯಾಯ ಓದಿದಾಗ ನನಗೆ ಮೈ ಜುಮ್ಮೆಂದಿತು. ಜೋ ತನ್ನ ಟೋಪಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ, ಅದು ಪದೇ ಪದೇ ಬೀಳುತ್ತದೆ. ತಾನು ಸಾಕಿದ ಹುಡುಗನನ್ನು ‘ಸರ್’ ಎನ್ನುತ್ತಾನೆ. ಪಿಪ್‌ಗೆ ನಾಚಿಕೆ, ಕಸಿವಿಸಿ. ಹೊರಡುವ ಗಳಿಗೆಯಲ್ಲಿ ಮಾತ್ರ ‘ಸರ್’ ಬಿದ್ದುಹೋಗಿ ಹಳೆಯ ಸಲಿಗೆಯ ಕರೆ ವಾಪಸು ಬರುತ್ತದೆ. ಇನ್ನು ಇಲ್ಲಿಗೆ ಬರುವುದಿಲ್ಲ, ಈ ಬಟ್ಟೆಯಲ್ಲಿ ನಾನು ಸರಿಯಿಲ್ಲ, ನೀನೇ ಬಂದು ಕುಲುಮೆಯ ಕಿಟಕಿಯಲ್ಲಿ ತಲೆ ಹಾಕಿ ನೋಡು ಎನ್ನುತ್ತಾನೆ. ಮನೆಯಲ್ಲಿ ಇದ್ದ ಏಕವಚನ ಪಟ್ಟಣದ ಕೋಣೆಯಲ್ಲಿ ಬಹುವಚನವಾಗುವುದು ಎಂಥ ನೋವು ಎಂಬುದನ್ನು ಗೌರವಾರ್ಥಕ ಬಹುವಚನದ ಪಾಠದಲ್ಲಿ ಯಾರೂ ಹೇಳುವುದಿಲ್ಲ.

ಅಲ್ಲೇ ಜೋ ಒಂದು ಮಾತು ಹೇಳುತ್ತಾನೆ. ಬದುಕು ಎಂದರೆ ಎಷ್ಟೋ ಅಗಲಿಕೆಗಳನ್ನು ಬೆಸುಗೆ ಹಾಕಿ ಜೋಡಿಸಿದ್ದು. ಒಬ್ಬ ಕಬ್ಬಿಣದ ಕಮ್ಮಾರ, ಒಬ್ಬ ತವರದವ, ಒಬ್ಬ ಅಕ್ಕಸಾಲಿ, ಒಬ್ಬ ತಾಮ್ರದವ. ಇಂಥ ಭೇದ ಬಂದೇ ಬರುತ್ತವೆ, ಬಂದಂತೆ ಎದುರಿಸಬೇಕು. ಓದುಬರಹ ಸರಿಯಾಗಿ ಬಾರದ ಮನುಷ್ಯ ಕಟ್ಟಿದ ರೂಪಕ ಇದು, ತನ್ನ ಕುಲುಮೆಯಿಂದಲೇ ತೆಗೆದದ್ದು. ಬೆಸುಗೆ ಜೋಡಿಸುವ ಕ್ರಿಯೆ, ಅವನು ಅದರಿಂದ ಜೋಡಿಸುವುದು ಅಗಲಿಕೆಗಳನ್ನು. ಇಡೀ ಪುಸ್ತಕದಲ್ಲಿ ಇದಕ್ಕಿಂತ ಮಿಗಿಲಾದ ಅಲಂಕಾರ ನನಗೆ ಕಾಣಲಿಲ್ಲ.

ಆದರೆ ಆ ಪಟ್ಟಿ ಓದಿದ ಕೂಡಲೇ ಅಕ್ಕನ ಮಗಳ ಬಾಯಿಗೆ ಬೇರೊಂದು ಪಟ್ಟಿ ಬಂತು, ನಮ್ಮ ಮಕ್ಕಳಿಗೆಲ್ಲ ಬರುವಂಥದ್ದು: “ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ, ಹಾಸನಿಕ್ಕಿ ಸಾಲಿಗನಾದ, ವೇದವನೋದಿ ಹಾರುವನಾದ.” ಕಲ್ಯಾಣದ ಬಸವಣ್ಣನ ವಚನ. ಬೀದರ ಜಿಲ್ಲೆಯ ಆ ಊರಿನಿಂದ ಲಂಡನ್ನಿಗೆ, ಹನ್ನೆರಡನೆಯ ಶತಮಾನದಿಂದ ಹತ್ತೊಂಬತ್ತಕ್ಕೆ, ಅದೇ ಕಮ್ಮಾರ ಮೊದಲಿಗೆ ನಿಂತಿದ್ದಾನೆ. ವ್ಯತ್ಯಾಸ ವ್ಯಾಕರಣದಲ್ಲಿದೆ. ಜೋನ ವಾಕ್ಯದಲ್ಲಿ ಒಬ್ಬ ಕಮ್ಮಾರ, ಅಷ್ಟೇ, ನಾಮಪದದಲ್ಲಿ ಮುಗಿಯಿತು. ಬಸವಣ್ಣನಲ್ಲಿ ಪ್ರತಿ ಹೆಸರಿನ ಹಿಂದೆ ಕಾಸಿ, ಬೀಸಿ, ಓದಿ ಎಂಬಂಥ ಒಂದು ಕೃದಂತಾವ್ಯಯ, ಮುಂದೆ ಒಂದು ‘ಆದ’. ಕಾಸಿದ್ದರಿಂದ ಕಮ್ಮಾರ; ಕಾಸುವ ಮೊದಲು ಅವನು ಕಮ್ಮಾರನಲ್ಲ. ಆ ಮೇಲೆ ಬರುವ ಪ್ರಶ್ನೆ, ಕರ್ಣದಲ್ಲಿ ಜನಿಸಿದವರುಂಟೆ ಜಗದೊಳಗೆ, ಈ ಕ್ರಿಯಾಪದಗಳ ಬಲದ ಮೇಲೇ ನಿಂತಿದೆ. ಜೋ ಭೇದವನ್ನು ಒಪ್ಪಿಕೊಂಡು ಪ್ರೀತಿಸುತ್ತಾನೆ. ಬಸವಣ್ಣ ಭೇದಕ್ಕೆ ಹುಟ್ಟಿನ ಆಧಾರವೇ ಇಲ್ಲ ಎನ್ನುತ್ತಾನೆ. ನಾನು ಜೋನನ್ನು ಎಷ್ಟೇ ಮೆಚ್ಚಿದರೂ ಇಲ್ಲಿ ಬಸವಣ್ಣನ ಕಡೆ.

ಈ ವಚನ ಇಟ್ಟುಕೊಂಡು ಪಿಪ್‌ನನ್ನು ಕೇಳಿದರೆ ಕಾದಂಬರಿಯ ನಡು ಸಿಕ್ಕುತ್ತದೆ. ಏನು ಮಾಡಿ ಅವನು ಜಂಟಲ್‌ಮನ್ ಆದ? ಜೋ ಕಾಸಿ ಕಮ್ಮಾರನಾದ. ಮ್ಯಾಗ್ವಿಚ್ ಕಾಯ್ದು ಕುರುಬನಾದ. ಪಿಪ್‌ನ ಹಿಂದೆ ಯಾವ ಅವ್ಯಯವೂ ಇಲ್ಲ. ಅದನ್ನು ಹುಡುಕಿಕೊಳ್ಳಲು ಅವನಿಗೆ ಕಾದಂಬರಿಯ ಕೊನೆಯ ಮೂರನೆಯ ಭಾಗ ಬೇಕಾಯಿತು.

ಒಪ್ಪದ ಕಡೆ, ಮತ್ತು ಮುಕ್ತಾಯ

ಪುಸ್ತಕದಲ್ಲಿ ನನಗೆ ಸೇರದ ಭಾಗಗಳಿವೆ. ಜೋನ ಕುಲುಮೆಯಲ್ಲಿ ಆಳಾಗಿದ್ದ ಆರ್ಲಿಕ್ ಪಿಪ್‌ನನ್ನು ಕಟ್ಟಿಹಾಕಿ ಕೊಲ್ಲಲು ಹೊರಡುವ ಅಧ್ಯಾಯ ಕಂತಿನ ಓದುಗರನ್ನು ಹಿಡಿದಿಡಲು ಬರೆದಂತಿದೆ. ಎಲ್ಲರಿಗೂ ಎಲ್ಲರೂ ಸಂಬಂಧವಾಗಿಬಿಡುವ ಕೊನೆಯ ಜೋಡಣೆಗಳು ಅತಿಯಾದವು. ದೊಡ್ಡ ಕೊರತೆ ಎಸ್ಟೆಲಾ. ಮಿಸ್ ಹ್ಯಾವಿಷಮ್‌ಗೆ ಅವಳು ಎದುರು ನಿಂತು ‘ನೀವು ಮಾಡಿದ ಹಾಗೆ ನಾನಿದ್ದೇನೆ’ ಎನ್ನುವ ಮಾತು ಕಾದಂಬರಿಯಲ್ಲೇ ಅತ್ಯಂತ ನಿಖರ. ತಾನು ಕರ್ಮಪದವಾಗಿಯೇ ಬೆಳೆದೆ ಎಂದು ಅವಳಿಗೆ ಪಿಪ್‌ಗಿಂತ ಎಷ್ಟೋ ಮೊದಲೇ ಗೊತ್ತು. ಆದರೆ ಕೆಟ್ಟ ಗಂಡನ ಕೈಯಲ್ಲಿ ಅವಳು ಪಟ್ಟ ಪಾಡು, ಅದರಿಂದ ಬದಲಾದದ್ದು ಎಲ್ಲ ಪುಟದ ಹೊರಗೆ ನಡೆದುಹೋಗುತ್ತದೆ. “ಆಕಿನೂ ಬೆಳದಾಳಲ್ರಿ ಮಾಮಾ, ಆಕಿ ಕತಿ ಯಾಕ ಬರೀಲಿಲ್ಲ?” ಎಂದು ಅಕ್ಕನ ಮಗಳು ಕೇಳಿದಳು. ಇದು ನ್ಯಾಯವಾದ ಆಕ್ಷೇಪ.

ಡಿಕನ್ಸ್ ಎರಡು ಮುಕ್ತಾಯ ಬರೆದ. ಮೊದಲನೆಯದರಲ್ಲಿ ಪಿಪ್ ಮತ್ತು ಎಸ್ಟೆಲಾ ಲಂಡನ್ ಬೀದಿಯಲ್ಲಿ ಕೆಲವು ಕ್ಷಣ ಭೇಟಿಯಾಗಿ ಅಗಲುತ್ತಾರೆ. ಗೆಳೆಯ ಬುಲ್ವರ್ ಲಿಟನ್‌ನ ಸಲಹೆಯಂತೆ ಅದನ್ನು ಬದಲಿಸಿ, ಹಾಳುಬಿದ್ದ ಹಳೆಯ ತೋಟದಲ್ಲಿ ಇಬ್ಬರನ್ನೂ ಸೇರಿಸಿದ. ತೆಗೆದುಹಾಕಿದ ಮುಕ್ತಾಯ ಜನರಿಗೆ ತಿಳಿದದ್ದು ಡಿಕನ್ಸ್ ತೀರಿದ ಮೇಲೆ, ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ. ಮೊದಲನೆಯದೇ ಪ್ರಾಮಾಣಿಕ ಎಂದು ಬಹಳ ವಿಮರ್ಶಕರ ಮತ. ಅಕ್ಕನ ಮಗಳದ್ದೂ ಅದೇ ಮತ.

ನಾನು ಎರಡನೆಯದನ್ನು ಹಿಡಿದಿದ್ದೇನೆ, ಕಾರಣ ಒಂದು ವಾಕ್ಯ. ಆ ತೋಟದಲ್ಲಿ ಎಸ್ಟೆಲಾ, ನನ್ನನ್ನು ಬಗ್ಗಿಸಲಾಗಿದೆ, ಮುರಿಯಲಾಗಿದೆ, ಆದರೆ ಮೊದಲಿಗಿಂತ ಒಳ್ಳೆಯ ಆಕಾರಕ್ಕೆ ತರಲಾಗಿದೆ ಎಂದುಕೊಂಡಿದ್ದೇನೆ ಎನ್ನುತ್ತಾಳೆ. ಬಗ್ಗಿಸುವುದು, ಮುರಿಯುವುದು, ಆಕಾರ ಕೊಡುವುದು ಕಬ್ಬಿಣದ ಕೆಲಸ. ಒರಟು ಕೈ ಎಂದು ಕಮ್ಮಾರನ ಮನೆಯ ಹುಡುಗನನ್ನು ಹಂಗಿಸಿದವಳು ತನ್ನ ಬದುಕನ್ನು ಹೇಳಿಕೊಳ್ಳಲು ಆ ಮನೆಯ ರೂಪಕವನ್ನೇ ಎತ್ತಿಕೊಂಡಿದ್ದಾಳೆ. ಜೋನ ಆ ಬೆಸುಗೆಯ ಮಾತು ಅವಳು ಎಂದೂ ಕೇಳಿರಲಿಲ್ಲ. ಇದನ್ನು ಹೇಳಿದಾಗ ಅಕ್ಕನ ಮಗಳು ಇಂಗ್ಲಿಷ್ ವಾಕ್ಯವನ್ನು ಮತ್ತೊಮ್ಮೆ ಓದಿ, “ಅದೂ ಕರ್ಮಣಿನೇ ಅದ ನೋಡ್ರಿ. ಬಗ್ಗಿಸಿದವರ ಹೆಸರು ಅಲ್ಲೂ ಇಲ್ಲ” ಅಂದಳು. ಹೌದು, ಇಲ್ಲ. ಹ್ಯಾವಿಷಮ್, ಗಂಡ ಡ್ರಮಲ್ ಇಬ್ಬರ ಹೆಸರೂ ಆ ವಾಕ್ಯದಲ್ಲಿ ಬರಬೇಕಿತ್ತು ಎಂದು ಅವಳ ವಾದ. ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತೇನೆ ಎಂದಿದ್ದಾಳೆ, ಬರೆ ಎಂದಿದ್ದೇನೆ.